‘ಚಿರಸ್ಮರಣೆ’ಯೂ ಪೂರ್ವಪಕ್ಷವೂ

ನಿರಂಜನರ ‘ಚಿರಸ್ಮರಣೆ’ ಕಾದಂಬರಿಯು 1955ನೆಯ ಇಸವಿಯಲ್ಲಿ ಪ್ರಕಟವಾಯಿತು. ಕಾಸರಗೋಡು ಸೀಮೆಯ ಕಯ್ಯೂರಿನ ರೈತರು 1941ರಲ್ಲಿ ಜಮೀನ್ದಾರರ ದಬ್ಬಾಳಿಕೆಯನ್ನು ಎದುರಿಸಿ ನಿಂತುದೂ, ಅವರಲ್ಲಿ ನಾಲ್ವರು 1943ನೆಯ ಮಾರ್ಚಿ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದುದೂ ಅದರ ವಸ್ತು. ರೈತರ ಬಾಳನ್ನು ಚಿತ್ರಿಸುವ ಕನ್ನಡ ಕಾದಂಬರಿಗಳಲ್ಲಿ ಅದರ ಸ್ಥಾನವು ಹಿರಿದೆಂಬುದು ನಿರ್ವಿವಾದ. ಆ ಮೇಲ್ಮೆಯನ್ನು ಒಪ್ಪಿದ ಬಳಿಕವೂ ವಿಚಾರಿಸತಕ್ಕ ಪ್ರಶ್ನೆಯೊಂದುಂಟು: ಗಲ್ಲಿಗೇರಿದವರ ಪಕ್ಷವೇ ಮುಂದೆ ರಾಜ್ಯವಾಳಿ, ಅಧಿಕಾರ ಕಳೆದುಕೊಂಡು, ಸಭೆಯಲ್ಲಿ ಎದುರಿನ ಪೀಠದಲ್ಲಿ ಕುಳಿತ ಕಥೆಯನ್ನು ಬರೆಯುವವರಾರು?

‘ಚಿರಸ್ಮರಣೆ’ಯ ಬಲವೆಲ್ಲ ಎರಡು ಪಕ್ಷಗಳ ನೇರವಾದ ಹೋರಾಟದಲ್ಲಿದೆ. ಜಮೀನ್ದಾರನೂ ಪೊಲೀಸರೂ ಒಂದು ಕಡೆ. ಉಳುವವನು ಇನ್ನೊಂದು ಕಡೆ. 1941ರ ಕಯ್ಯೂರಿಗೆ ಈ ಚಿತ್ರವು ತಕ್ಕುದೇ ಅಹುದು. ಆದರೆ ಹುತಾತ್ಮನ ಕಥೆಯಲ್ಲಿ ಎದುರಾಳಿಯು ಶತ್ರು. ಚುನಾವಣೆಯ ಕಥೆಯಲ್ಲಿ ಅವನು ನಾಳೆಯ ಮಂತ್ರಿ.

1956ನೆಯ ನವೆಂಬರ್ 1ರಂದು ಕಯ್ಯೂರು ಮದರಾಸಿನಿಂದ ಕೇರಳಕ್ಕೆ ಸೇರಿತು. ಅದೇ ದಿನ ಜೇವರ್ಗಿ ತಾಲ್ಲೂಕಿನ ಇಜೇರಿಯು ಹೈದರಾಬಾದು ಸಂಸ್ಥಾನವನ್ನು ಬಿಟ್ಟು ಮೈಸೂರಿಗೆ ಸೇರಿತು. ಮರುವರ್ಷ ಕೇರಳದ 126 ಸ್ಥಾನಗಳಲ್ಲಿ ಕಮ್ಯುನಿಸ್ಟರು 60ನ್ನು ಗೆದ್ದರು. ಕಯ್ಯೂರಿಗೆ ಸಮೀಪದ ನೀಲೇಶ್ವರದಿಂದ ಆರಿಸಿಬಂದ ಇ.ಎಂ.ಎಸ್. ನಂಬೂದಿರಿಪಾಡರು ಮುಖ್ಯಮಂತ್ರಿಗಳಾದರು. 1959ನೆಯ ಜುಲೈ 31ರಂದು ಕೇಂದ್ರ ಸರಕಾರವು ಆ ಮಂತ್ರಿಮಂಡಲವನ್ನು ವಜಾ ಮಾಡಿತು. 1960ರ ಚುನಾವಣೆಯಲ್ಲಿ ಕಮ್ಯುನಿಸ್ಟರ ಮತಪ್ರಮಾಣವು ಏರಿದರೂ ಸ್ಥಾನಗಳು 29ಕ್ಕೆ ಇಳಿದುವು. 1964ರಲ್ಲಿ ಪಕ್ಷವೇ ಇಬ್ಭಾಗವಾಯಿತು. 1967ರಲ್ಲಿ ನಂಬೂದಿರಿಪಾಡರು ಏಳು ಪಕ್ಷಗಳ ಕೂಟದ ಮುಖಂಡರಾಗಿ ಮರಳಿ ಬಂದರು.

ಇಜೇರಿಯ ವಾಚಕನಿಗೆ ಇದು ಪರದೇಶದ ಸುದ್ದಿಯಲ್ಲ. ತೆಲಂಗಾಣದ ಹಳ್ಳಿಗಳಲ್ಲಿ ತಮ್ಮದೇ ಆಡಳಿತವನ್ನು ಹೂಡಿದ್ದ ಕಮ್ಯುನಿಸ್ಟರು 1951ರ ಅಕ್ಟೋಬರಿನಲ್ಲಿ ಸಶಸ್ತ್ರ ಹೋರಾಟವನ್ನು ಹಿಂತೆಗೆದುಕೊಂಡರು. 1952ರಲ್ಲಿ ಹೈದರಾಬಾದಿನ 175 ಸ್ಥಾನಗಳ ವಿಧಾನಸಭೆಗೆ ಕಾಂಗ್ರೆಸ್ಸಿನ 93 ಮಂದಿಯೂ, ಕಮ್ಯುನಿಸ್ಟರನ್ನೊಳಗೊಂಡ ಪ್ರಜಾಸತ್ತಾತ್ಮಕ ರಂಗದ 42 ಮಂದಿಯೂ ಆರಿಸಿಬಂದರು. ಕೋವಿಯನ್ನು ಕೆಳಗಿಟ್ಟವರೂ ಗುಲಬರ್ಗಾ ಜಿಲ್ಲೆಯ ಸದಸ್ಯರೂ ಒಂದೇ ಸೂರಿನಡಿ ಕುಳಿತರು.

ಪೂರ್ವ ಯೂರೋಪಿನಲ್ಲಿ ಕ್ರಮವು ಬೇರೆ. ಅಲ್ಲಿ ಒಂದೇ ಪಕ್ಷವು ದಶಕಗಳ ಕಾಲ ಆಳಿತು. ಪೋಲೆಂಡಿನಲ್ಲಿ 1989ರ ಜೂನ್ ತಿಂಗಳ ಚುನಾವಣೆಯು ಅದರ ಬುಡವನ್ನು ಅಲುಗಿಸಿತು. ಸೋವಿಯತ್ ಒಕ್ಕೂಟವು 1990ರ ಮಾರ್ಚಿಯಲ್ಲಿ ತನ್ನ ಸಂವಿಧಾನದಿಂದ ಪಕ್ಷದ ಏಕಸ್ವಾಮ್ಯವನ್ನು ತೆಗೆದುಹಾಕಿತು. ಕೇರಳದಲ್ಲಾದರೋ ಕಮ್ಯುನಿಸ್ಟರು ಆಳುತ್ತಿದ್ದಾಗಲೂ ಎದುರುಪಕ್ಷವು ಜೀವಂತವಾಗಿತ್ತು. ಆದುದರಿಂದ ಅಲ್ಲಿ ಅಧಿಕಾರಚ್ಯುತಿಯು ಪಕ್ಷದ ಅಂತ್ಯವಾಗಲಿಲ್ಲ.

ಕನ್ನಡದಲ್ಲಿ ‘ಪಕ್ಷ’ವೆಂಬ ಮಾತಿಗೆ ಹಳೆಯ ಶಾಸ್ತ್ರಾರ್ಥವೊಂದುಂಟು. ಕಲಬುರಗಿ ಜಿಲ್ಲೆಯ ಮರ್ತೂರಿನವನೆಂದು ಪ್ರಸಿದ್ಧನಾದ ವಿಜ್ಞಾನೇಶ್ವರನು ‘ಮಿತಾಕ್ಷರಾ’ದಲ್ಲಿ ಅನುಸರಿಸಿದ ಕ್ರಮವೂ ಅದೇ: ಮೊದಲು ಎದುರಾಳಿಯ ಮತವನ್ನು ಪೂರ್ವಪಕ್ಷವಾಗಿ ನಿಲ್ಲಿಸಿ, ಬಳಿಕ ಸಿದ್ಧಾಂತವನ್ನು ಹೇಳುವುದು. ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿದವನ ಸಿದ್ಧಾಂತವೂ ದುರ್ಬಲವೇ. ಕಾದಂಬರಿಗೂ ರಾಜ್ಯಕ್ಕೂ ಈ ನಿಯಮವು ಸಮಾನ.

‘ಚಿರಸ್ಮರಣೆ’ಯು ಸತ್ತವರ ಋಣವನ್ನು ತೀರಿಸಿದೆ. ಸೋತು ಮನೆಗೆ ಮರಳಿ, ಗೆದ್ದವನ ಎದುರಿಗೇ ಮರುದಿನ ಸಂತೆಯಲ್ಲಿ ನಿಲ್ಲಬೇಕಾದವನ ಋಣವು ಕನ್ನಡ ಕಾದಂಬರಿಯ ಮೇಲೆ ಉಳಿದಿದೆ.