ಕಾಲೊನಿಯ ಹೆಂಗಸು ಎಲ್ಲಿ?

ಕೆನಡಾದ ಮಾರ್ಗರೆಟ್ ಆಟ್‌ವುಡ್ 1985ರಲ್ಲಿ ಪ್ರಕಟಿಸಿದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಓದಿದವರು ‘ಅಯ್ಯೋ, ನಾಳೆ ಹೀಗಾದರೆ?’ ಅಂತ ಬೆಚ್ಚುತ್ತಾರೆ. ಬೆಚ್ಚಬೇಕಾದ್ದೇ. ಅಮೆರಿಕದ ಸರ್ಕಾರ ಉರುಳಿ, ಧರ್ಮದ ಹೆಸರಿನಲ್ಲಿ ಗಿಲಿಯಡ್ ರಾಜ್ಯ ಏಳುತ್ತದೆ. ಒಂದೇ ದಿನಕ್ಕೆ ಹೆಂಗಸರ ಕೆಲಸ ಹೋಯಿತು, ಬ್ಯಾಂಕಿನ ದುಡ್ಡು ಹೋಯಿತು. ಅಕ್ಷರ ಓದಿದರೆ ಶಿಕ್ಷೆ. ಹೆರಬಲ್ಲವಳಿಗೆ ಕೆಂಪು ಬಟ್ಟೆ ಉಡಿಸಿ, ಯಜಮಾನನ ಹೆಸರನ್ನೇ ಅವಳ ಹೆಸರು ಮಾಡಿ, ಬೈಬಲ್ ಓದಿ ಹಾಸಿಗೆಗೆ ಎಳೀತಾರೆ. ಪವಿತ್ರಳು ಅಂತ ಹೊಗಳಿ ಕೋಣೆಯಲ್ಲಿ ಕೂಡಿಹಾಕ್ತಾರೆ. (ಇದೇನು ನಮಗೆ ತಿಳಿಯದ ಮಾತಲ್ಲ. ನಮ್ಮ ಹಣಕೋಣದ ಸಾತೇರಿ ದೇವಿಯ ಗುಡಿ ವರ್ಷಕ್ಕೆ ಏಳೇ ದಿನ ತೆರೆಯುತ್ತದೆ. ಉಳಿದಂತೆ ಬಾಗಿಲು ಬಂದ್.) ಪುರೋಹಿತಶಾಹಿ ಮೊದಲು ಕೈಹಾಕುವುದು ಹೆಣ್ಣಿನ ಗರ್ಭಕ್ಕೆ ಮತ್ತು ಓದಿಗೆ ಅನ್ನೋದನ್ನು ಇಷ್ಟು ಬಿಚ್ಚಿ ತೋರಿಸಿದ ಪುಸ್ತಕ ಕಡಿಮೆ.

ಚರಿತ್ರೆಯಲ್ಲಿ ಎಲ್ಲೂ ನಡೆಯದ್ದನ್ನು ತಾನು ಇದರಲ್ಲಿ ಸೇರಿಸಿಲ್ಲ ಅಂತ ಆಟ್‌ವುಡ್ ಹೇಳಿದ್ದಾರೆ. ಸರಿ, ನಡೆದದ್ದು ಯಾರಿಗೆ? ಹೆಸರು ಕಿತ್ತುಕೊಂಡು, ಓದು ನಿಷೇಧಿಸಿ, ಹೆತ್ತ ಮಗುವನ್ನು ಕಸಿದುಕೊಂಡದ್ದು ಅಮೆರಿಕದ ಕಪ್ಪು ಗುಲಾಮ ಹೆಂಗಸರಿಂದ. ಕಾದಂಬರಿ ಆ ನೋವನ್ನು ಬಿಳಿ ನಾಯಕಿಯ ಮೈಗೆ ತೊಡಿಸುತ್ತದೆ. ಕಪ್ಪು ಜನರನ್ನು ಮಾತ್ರ ಟಿವಿಯ ಒಂದು ಸುದ್ದಿಯಲ್ಲಿ ದೂರಕ್ಕೆ ಸಾಗಹಾಕಿ ಕೈತೊಳೆದುಕೊಳ್ಳುತ್ತದೆ. ನನಗೆ ಸಿಟ್ಟು ಬಂದದ್ದು ಇಲ್ಲಿ.

ಇನ್ನೊಂದು ನೋಡಿ. ಉಪಯೋಗಕ್ಕೆ ಬಾರದ, ಮಾತು ಕೇಳದ ಹೆಂಗಸರನ್ನು ಗಿಲಿಯಡ್ ‘ಕಾಲೊನಿ’ಗೆ ಅಟ್ಟುತ್ತದೆ. ಅಲ್ಲಿ ಹೆಣ ಸುಡಬೇಕು, ವಿಷದ ಕಸ ಬಳಿಯಬೇಕು. ಅಲ್ಲಿರುವವರು ಹೆಂಗಸರೇ ಅಲ್ಲ ಅಂತ ಲೆಕ್ಕ. ನಾಯಕಿಯನ್ನು ಬಗ್ಗಿಸಿಡುವ ಬೆದರಿಕೆ ಇದು. ಗೆಳೆಯರೇ, ನಮ್ಮ ಊರುಗಳಲ್ಲಿ ಕಾಲೊನಿ ಅಂದರೆ ಏನು? ದಲಿತರ ಕೇರಿ. ಹೊಲಸು ಬಳಿಯುವ ಕೆಲಸ ಅಲ್ಲಿಯ ಹೆಂಗಸಿಗೆ ಶಿಕ್ಷೆಯಾಗಿ ಬರಲಿಲ್ಲ, ಹುಟ್ಟಿನೊಂದಿಗೇ ಬಂತು. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಕಾನೂನು 1993ರಲ್ಲಿ ಬಂತು, ಅದು ಸಾಲದೆ 2013ರಲ್ಲಿ ಇನ್ನೊಂದು. ದೇವರ ಹೆಸರಲ್ಲಿ ಹುಡುಗಿಯರಿಗೆ ಮುತ್ತು ಕಟ್ಟುವುದರ ವಿರುದ್ಧ ಕರ್ನಾಟಕದ ಕಾಯ್ದೆ 1982ರದ್ದು. ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ಯಾವ ಕೇರಿಯವರು ಅಂತ ಬೇರೆ ಹೇಳಬೇಕಾ?

ನಮ್ಮ ಸಾಹಿತ್ಯವೇನೂ ಸಾಚಾ ಅಲ್ಲ. ಕಾರಂತರ ‘ಚೋಮನ ದುಡಿ’ಯ (1933) ಬೆಳ್ಳಿ ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುತ್ತಾಳೆ, ಸಾಲದ ಲೆಕ್ಕಕ್ಕೆ ಅವಳ ಮೈಯೇ ಜಮಾ ಆಗುತ್ತದೆ. ಗಿಲಿಯಡ್‌ಗಿಂತ ಅರ್ಧ ಶತಮಾನ ಮೊದಲೇ. ಆದರೆ ದುಡಿ ಇರೋದು ಚೋಮನ ಕೈಯಲ್ಲಿ. ಅವನು ಸಾಯುತ್ತಾನೆ, ಕಾದಂಬರಿ ಮುಗಿಯುತ್ತದೆ. ಬೆಳ್ಳಿ ಮುಂದೆ ಏನಾದಳು? ಬಂಡಾಯದ ವೇದಿಕೆಗಳಲ್ಲಿ ಚೋಮನ ಬಗ್ಗೆ ಎಷ್ಟು ಭಾಷಣ ಕೇಳಿದ್ದೀರಿ, ಬೆಳ್ಳಿಯ ಬಗ್ಗೆ ಎಷ್ಟು?

ದು. ಸರಸ್ವತಿಯವರ ‘ಸಣ್ಣತಿಮ್ಮಿ ರಾಮಾಯಣ’ದಲ್ಲಿ ದುಡಿಯುವ ಹೆಂಗಸು ಹಳೇ ಕಥೆಯನ್ನು ತನ್ನ ಬಾಯಿಂದಲೇ ಹೇಳ್ತಾಳೆ. ಬರಲಿರುವ ಕೆಟ್ಟ ಕಾಲದ ಕಥೆಯನ್ನೂ ಅಂಥವಳ ಬಾಯಲ್ಲೇ ಕೇಳಬೇಕು. ಗಿಲಿಯಡ್‌ನ ಕಥೆ ಆ ಕಾಲೊನಿಯ ಕಸದ ಗುಂಡಿಯಿಂದ ಶುರುವಾಗಿದ್ದರೆ ಬ್ಯಾಂಕಿನ ಖಾತೆ ಹೋದ ದುಃಖ ಇಷ್ಟು ಪುಟ ಹಿಡೀತಿರಲಿಲ್ಲ. ಇವತ್ತಿನ ಕೂಲಿ ಎಷ್ಟು, ಕುಡಿಯೋ ನೀರು ಎಲ್ಲಿ, ಮಗು ಯಾರ ಹತ್ತಿರ ಅನ್ನೋದು ಮೊದಲು ಬರುತ್ತಿತ್ತು.