ಗದ್ದೆ ಹಾಳೆಯ ಅಕ್ಷರಗಳು

ಮೊಮ್ಮಗಳ ಚೀನೀ ನೋಟ್‌ಬುಕ್ಕಿನಲ್ಲಿ ಗೆರೆಗಳಿಲ್ಲ, ಚೌಕಗಳಿವೆ. ಪ್ರತಿ ಚೌಕದೊಳಗೆ ಅಡ್ಡಕ್ಕೊಂದು, ಉದ್ದಕ್ಕೊಂದು ಚುಕ್ಕಿಗೆರೆ. ಚೀನೀಯಲ್ಲಿ ‘ಗದ್ದೆ’ ಎಂಬ ಅಕ್ಷರವೂ ಹೀಗೇ ಇರುವುದರಿಂದ ಇದು ಗದ್ದೆ ಹಾಳೆ. ಮೂಲೆಯಿಂದ ಮೂಲೆಗೆ ಇನ್ನೆರಡು ಗೆರೆ ಎಳೆದರೆ ‘ಅಕ್ಕಿ’ಯ ಅಕ್ಷರದಂತಾಗುತ್ತದೆ, ಅದು ಅಕ್ಕಿ ಹಾಳೆ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಓದುವ ಹುಡುಗಿ ಸಂಜೆ ಹೊತ್ತು ಗದ್ದೆಯಲ್ಲಿ ಒಂದೊಂದೇ ಅಕ್ಷರ ನೆಡುತ್ತಾಳೆ. ನಾನು ಕಾಫಿ ಲೋಟ ಹಿಡಿದು ಬದುವಿನ ಮೇಲೆ ಕೂತವನಂತೆ ನೋಡುತ್ತೇನೆ. ನಿವೃತ್ತ ಕನ್ನಡ ಮೇಷ್ಟ್ರಿಗೆ ಮಗಳ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಕಾಲಕ್ಷೇಪ ಸಿಕ್ಕಿಲ್ಲ.

ಮೊದಲ ಪರೀಕ್ಷೆಯಲ್ಲಿ ಅವಳಿಗೆ ಮಾರ್ಕು ಬಂದಿರಲಿಲ್ಲ. ಕೆಡಿಸಿದ್ದು ಇಂಗ್ಲಿಷಿನ ಅಭ್ಯಾಸ. ಉಚ್ಚಾರ ಬರೆದು ತೋರಿಸಲು 1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್‌ಯಿನ್‌ನಲ್ಲಿ ರೋಮನ್ ಅಕ್ಷರಗಳಿವೆ, ನಿಜ. ಆದರೆ ಅವುಗಳ ನಡತೆ ಬೇರೆ. ಬೀಜಿಂಗ್ ಎಂದು ನಾವು ಹೇಳುವ ಊರಿನ ಮೊದಲ ಅಕ್ಷರ ಅಲ್ಲಿಯವರ ಬಾಯಲ್ಲಿ ‘ಬ’ ಅಲ್ಲ, ಉಸಿರು ಬಿಡದ ‘ಪ’. ‘ಪಿ’ ಎಂದು ಬರೆದದ್ದು ನಮ್ಮ ಹೊಟ್ಟೆ ಸೀಳಿದ ‘ಫ’, ಫಿಲಮ್ಮಿನದಲ್ಲ, ಫಲದ್ದು. ಅಲ್ಪಪ್ರಾಣ, ಮಹಾಪ್ರಾಣ ಅಷ್ಟೇ! ಅದಕ್ಕಿಂತ ದೊಡ್ಡ ಆಶ್ಚರ್ಯ ಮರುದಿನ ಕಾದಿತ್ತು. ಪಶ್ಚಿಮಕ್ಕೆ ‘ಶೀ’; ಹತ್ತು ಎನ್ನುವಾಗ ನಾಲಿಗೆ ಮಡಿಸಿದ ‘ಷ’; ನಾಲ್ಕಕ್ಕೆ ಹಲ್ಲಿನ ಹಿಂದಿನ ‘ಸ’. ಶ-ಷ ಬೇರೆ ಬೇರೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿ ಸೋತವನು ನಾನು. ನನ್ನ ಬಾಯಲ್ಲೇ ಅವು ಎಂದೋ ಒಂದಾಗಿವೆ. ಇಲ್ಲಿ ಮೂರೂ ಬೇರೆ ಬೇರೆಯಾಗಿ ಬದುಕಿವೆ. ‘ಅ ಆ ಇ ಈ’ ಪಟ್ಟಿ ಹಾಕಿ ಒಂದು ಭಾನುವಾರ ಕೂರಿಸಿದೆ. ಉಚ್ಚಾರ ತಿದ್ದಿತು. ವಿದೇಶದಲ್ಲಿ ಮಕ್ಕಳಿಗೆ ವರ್ಣಮಾಲೆ ಕಲಿಸಿ ಏನುಪಯೋಗ ಎನ್ನುವವರಿಗೆ ಇದೊಂದು ಉತ್ತರ.

ಇನ್ನು ಸ್ವರಗಳು, ಅಂದರೆ ದನಿಯ ಏರಿಳಿತಗಳು. ನಾಲ್ಕಿವೆ, ಲೆಕ್ಕಕ್ಕೆ ಸಿಗದ ಹಗುರಾದದ್ದು ಇನ್ನೊಂದು. ಮೊದಲನೆಯದು ಶ್ರುತಿ ಹಿಡಿದಂತೆ ಎತ್ತರದಲ್ಲಿ ನಿಲ್ಲುತ್ತದೆ. ಎರಡನೆಯದು, ಅಡುಗೆಮನೆಯಿಂದ ಕೂಗಿದ್ದಕ್ಕೆ ನಾವು “ಏನೂ?” ಎಂದಂತೆ ಏರುತ್ತದೆ. ಮೂರನೆಯದು ಬಾವಿಗೆ ಬಿಟ್ಟ ಕೊಡ: ಕೆಳಗಿಳಿದು ಮೇಲೆ ಬರುತ್ತದೆ. ನಾಲ್ಕನೆಯದು “ಸಾಕು!” ‘ಮಾಯ್’ ಎನ್ನುವುದನ್ನು ಕೊಡದ ಹಾಗೆ ಇಳಿಸಿ ಎತ್ತಿದರೆ ‘ಕೊಳ್ಳು’, ಸಾಕು ಎಂಬಂತೆ ಕುಟ್ಟಿದರೆ ‘ಮಾರು’. ಬರೆಯುವಾಗಲೂ ಅಷ್ಟೇ ಅಂತರ: ಕೊಳ್ಳುವ ಅಕ್ಷರದ ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಗುರುತು ಕೂರಿಸಿದರೆ ಮಾರುವುದಾಯಿತು. ಎಂಥ ವ್ಯಾಪಾರ! ಹಾಗಾಗಿ ಪದ ಕಲಿಯುವಾಗಲೇ ಸ್ವರವನ್ನೂ ಕಲಿಯಬೇಕು. ಆಮೇಲೆ ಅಂಟಿಸಿದರೆ ನಿಲ್ಲುವುದಿಲ್ಲ. ಮೂರನೆಯ ಸ್ವರವೇ ಎರಡು ಸಲ ಅಕ್ಕಪಕ್ಕ ಬಂದರೆ ಮುಂಚೆ ಬಂದದ್ದು ಎರಡನೆಯ ಸ್ವರವಾಗಿ ಬದಲಾಗುತ್ತದೆ; ‘ನೀ ಹಾವ್’ ಎಂಬ ನಮಸ್ಕಾರದಲ್ಲೇ ಅದು ಕೇಳುತ್ತದೆ. ಅವಳ ಇಂಗ್ಲಿಷ್ ಪಠ್ಯದಲ್ಲಿ ಅದಕ್ಕಿಟ್ಟ ಹೆಸರು ಓದಿ ಕನ್ನಡಕ ತೆಗೆದು ಒರೆಸಿಕೊಂಡೆ: ಟೋನ್ ಸಂಧಿ. ನಮ್ಮ ಸಂಧಿಯೇ. ಆದೇಶ ಸಂಧಿ ಎನ್ನಲೂ ಅಡ್ಡಿಯಿಲ್ಲ.

“ಎ.ಪಿ. ಪರೀಕ್ಷೆಯಲ್ಲಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಸಾಕು, ಕೈಯಲ್ಲಿ ಯಾಕೆ ಬರೀಬೇಕು?” ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಆ ಪರೀಕ್ಷೆ ಹಿಡಿದು ಇದು ಅವಳ ವಾದ. ಟೈಪ್ ಮಾಡಿದರೆ ಒಂದೇ ಉಚ್ಚಾರದ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ಬೇಕಾದ್ದನ್ನು ಆರಿಸಬೇಕಾದರೆ ಮುಖಪರಿಚಯ ಬೇಕಲ್ಲ? ಆ ಪರಿಚಯ ಆಗುವುದು ಗದ್ದೆ ಹಾಳೆಯಲ್ಲೇ. ಎಡ ಅಂಚಿನಲ್ಲಿ ಮೂರು ಹನಿ ಬಿದ್ದಿದ್ದರೆ ಅದು ನೀರಿನ ಸಂಸಾರ: ನದಿ, ಕೆರೆ, ಸಮುದ್ರ, ಬೆವರು. ಮೂರು ಹನಿಯ ಪಕ್ಕದಲ್ಲಿ ಒಂದು ಕಣ್ಣು ಬರೆದರೆ ಕಣ್ಣೀರು. ಇದನ್ನು ಅವಳು ಬರೆದು ತೋರಿಸಿದ ದಿನ ನಾನು ಕಾಫಿ ಮರೆತೆ. ‘ಅಮ್ಮ’ ಎನ್ನಲು ಹೆಣ್ಣಿನ ಪಕ್ಕ ಕುದುರೆ! ಕುದುರೆ ಅಲ್ಲಿ ಸವಾರಿಗಲ್ಲ, ‘ಮಾ’ ಎಂಬ ಉಚ್ಚಾರಕ್ಕೆ. ಬಹುಪಾಲು ಅಕ್ಷರಗಳು ಇಂಥವೇ, ಒಂದು ಪಾಲು ಅರ್ಥದ ಸುಳಿವು, ಇನ್ನೊಂದು ಉಚ್ಚಾರದ್ದು. ಗೆರೆ ಎಳೆಯಲೂ ಕ್ರಮವಿದೆ, ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ‘ದೇಶ’ ಎಂಬ ಅಕ್ಷರದಲ್ಲಿ ಪೆಟ್ಟಿಗೆಯ ಮೂರು ಬದಿ ಬರೆದು, ಒಳಗೆ ಜೇಡ್ ಕಲ್ಲನ್ನಿಟ್ಟು, ಕೊನೆಗೆ ಕೆಳಗಿನ ಗೆರೆ ಎಳೆದು ಬಾಗಿಲು ಹಾಕಬೇಕು. ಬಾಗಿಲು ಮೊದಲೇ ಹಾಕಿದರೆ ಕೈ ಅಲ್ಲೇ ತಡವರಿಸುತ್ತದೆ, ನೋಡಿ ತಿಳಿಯುವಷ್ಟು.

ನಾಲ್ಕಕ್ಷರದ ನುಡಿಗಟ್ಟುಗಳ ಪಾಠ ಬಂದಾಗ ಅವಳು ಉರು ಹೊಡೆಯುತ್ತಿದ್ದಳು: ದನದ ಎದುರು ತಂತಿವಾದ್ಯ ನುಡಿಸುವುದು. “ಕೋಣನ ಮುಂದೆ ಕಿನ್ನರಿ!” ಎಂದು ನಾನು ಕೂಗಿದ್ದಕ್ಕೆ ಮಗಳು ಒಳಗಿನಿಂದ ಓಡಿ ಬಂದಳು. ಆ ನುಡಿಗಟ್ಟು ಆಮೇಲೆ ಮೊಮ್ಮಗಳಿಗೆ ಮರೆಯಲೇ ಇಲ್ಲ.

ಚೀನೀಯರಲ್ಲೂ ಉಕ್ತಲೇಖನವಿದೆ. ‘ಥಿಂಗ್ ಶಿಯೆ’ ಎನ್ನುತ್ತಾರೆ, ಕೇಳು-ಬರೆ. ಹಿಂದಿನ ರಾತ್ರಿ ನಾನು ನನ್ನ ಕನ್ನಡ ಬಾಯಲ್ಲಿ ಪದ ಓದುತ್ತೇನೆ. ಅವಳು ನಕ್ಕು, ತಿದ್ದಿ, ಬರೆಯುತ್ತಾಳೆ. ನನ್ನನ್ನು ತಿದ್ದಿ ತಿದ್ದಿಯೇ ಅವಳಿಗೆ ಪಾಠ ಬಂತೆಂದು ಮಗಳ ಅಂಬೋಣ. ಮೊನ್ನೆ 20ಕ್ಕೆ 19 ಬಂತು. ತಪ್ಪಿದ್ದು ಒಂದೇ: ಟೀಚರ್ ಕೊಳ್ಳು ಎಂದಿದ್ದರು, ಇವಳು ಮಾರು ಎಂದು ಬರೆದು ಬಂದಿದ್ದಳು.