ಮಿಲ್ಟನ್ ಕವಿಯ ಅಂಧತೆ ಮತ್ತು ‘ಸ್ಯಾಮ್ಸನ್ ಅಗೊನಿಸ್ಟೀಸ್’

‘ತಾನೊಂದು ಬಗೆದರೆ ದೈವವೊಂದು ಬಗೆಯಿತು’ ಎಂಬ ಗಾದೆ ಕನ್ನಡ ನಾಡಿನಲ್ಲಿ ಸರ್ವರ ಬಾಯಲ್ಲಿಯೂ ಉಂಟು. ಬಗೆದುದು ಕೆಟ್ಟು ಬಗೆಯದುದು ಬಂದೊದಗಿದಾಗ ಮನುಷ್ಯನು ಹೇಗೆ ನಿಲ್ಲಬೇಕೆಂಬುದನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ಆ ಭಾರವು ಮತಧರ್ಮಗಳ ಮೇಲೆಯೂ ಮಹಾಕಾವ್ಯಗಳ ಮೇಲೆಯೂ ಬಿದ್ದಿದೆ. ಆಂಗ್ಲ ಕವಿ ಜಾನ್ ಮಿಲ್ಟನ್ನನು (1608–1674) ಕ್ರೈಸ್ತ ಶ್ರದ್ಧೆಯ ನೆಲೆಯಲ್ಲಿ ನಿಂತು ಈ ಪ್ರಶ್ನೆಯನ್ನು ಎರಡು ಕೃತಿಗಳಲ್ಲಿ ಎದುರಿಸಿದನು. ಒಂದು, 1673ರಲ್ಲಿ ಅಚ್ಚಾದ, ತನ್ನ ಅಂಧತೆಯನ್ನು ಕುರಿತ ಹದಿನಾಲ್ಕು ಸಾಲಿನ ಸುನೀತ. ಇನ್ನೊಂದು, 1671ರಲ್ಲಿ ಪ್ರಕಟವಾದ ‘ಸ್ಯಾಮ್ಸನ್ ಅಗೊನಿಸ್ಟೀಸ್’ ಎಂಬ ರುದ್ರನಾಟಕ. ಇವು ದುಃಖಿತರಿಗೆ ಸಮಾಧಾನ ಹೇಳುವ ಕೃತಿಗಳೆಂದು ಹೊಗಳಿ ಮುಗಿಸುವುದುಂಟು. ಅಷ್ಟರಿಂದ ಇವುಗಳ ಮರ್ಮವು ತಿಳಿಯದು. ಕಳೆದುದನ್ನು ಮರಳಿ ಕೊಡಿಸುವುದಾಗಲಿ, ಏಕೆ ಕಳೆಯಿತೆಂದು ವಿವರಿಸುವುದಾಗಲಿ ಇಲ್ಲಿ ಶ್ರದ್ಧೆಯ ಕಾರ್ಯವಲ್ಲ. ನೊಂದವನು ಕೇಳುವ ಪ್ರಶ್ನೆಯನ್ನೇ ಅದು ಬದಲಿಸುತ್ತದೆ.

ಮಿಲ್ಟನ್ನನು 1649ರಲ್ಲಿ ಇಂಗ್ಲೆಂಡಿನ ಪ್ರಜಾಪ್ರಭುತ್ವ ಸರಕಾರದ ಪರಭಾಷಾ ಕಾರ್ಯದರ್ಶಿಯಾದನು. ರಾಜನ ವಧೆಯನ್ನು ಸಮರ್ಥಿಸಿ ಲ್ಯಾಟಿನ್ ಭಾಷೆಯಲ್ಲಿ ಗ್ರಂಥವನ್ನು ಬರೆಯಬೇಕಾಗಿ ಬಂದಾಗ, ಈ ಶ್ರಮದಿಂದ ಉಳಿದ ದೃಷ್ಟಿಯೂ ಹೋಗುವುದೆಂದು ವೈದ್ಯರು ಎಚ್ಚರಿಸಿದರೆಂದೂ, ತಿಳಿದೇ ಆ ಕೆಲಸವನ್ನು ಕೈಕೊಂಡೆನೆಂದೂ ಆತನೇ 1654ರಲ್ಲಿ ಬರೆದಿದ್ದಾನೆ. 1652ರ ಹೊತ್ತಿಗೆ ಆತನು ಸಂಪೂರ್ಣ ಕುರುಡನಾದನು. ಅದೇ ವರ್ಷ ಮೇ ತಿಂಗಳಲ್ಲಿ ಹೆಂಡತಿಯೂ, ಮರುತಿಂಗಳು ಹಸುಳೆ ಮಗನೂ ತೀರಿಕೊಂಡರು. 1656ರಲ್ಲಿ ಕೈಹಿಡಿದ ಎರಡನೆಯ ಹೆಂಡತಿ 1658ರಲ್ಲಿ ಗತಿಸಿದಳು. 1660ರಲ್ಲಿ ರಾಜತ್ವವು ಮರಳಿ ಸ್ಥಾಪಿತವಾಗಲು, ಯಾವುದಕ್ಕಾಗಿ ಕಣ್ಣುಗಳನ್ನು ತೆತ್ತನೋ ಅದೇ ಮಣ್ಣುಗೂಡಿತು. ಆತನ ಗ್ರಂಥಗಳು ಸುಡಲ್ಪಟ್ಟವು. ಆತನು ಕೆಲಕಾಲ ಸೆರೆಯಲ್ಲಿದ್ದನು. ಅಂಧತೆಯು ದೇವರು ಕೊಟ್ಟ ಶಿಕ್ಷೆಯೆಂದು ಶತ್ರುಗಳು ಮೊದಲಿನಿಂದಲೂ ಹಂಗಿಸುತ್ತಿದ್ದರು.

ಸುನೀತವು 1652ರಿಂದ 1655ರ ಒಳಗಿನದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದರ ಪೂರ್ವಾರ್ಧಕ್ಕೆ ಆಧಾರವು ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಬರುವ ತಲಾಂತುಗಳ ಸಾಮ್ಯ. ಧಣಿಯು ಪರದೇಶಕ್ಕೆ ಹೋಗುವಾಗ ಮೂವರು ಆಳುಗಳಿಗೆ ಹಣವನ್ನು ಒಪ್ಪಿಸುತ್ತಾನೆ. ಇಬ್ಬರು ಅದನ್ನು ಇಮ್ಮಡಿಸುತ್ತಾರೆ. ಮೂರನೆಯವನು ನೆಲದಲ್ಲಿ ಹೂತಿಟ್ಟು ಕತ್ತಲೆಗೆ ತಳ್ಳಲ್ಪಡುತ್ತಾನೆ. ಕವಿಗೆ ತಾನೇ ಆ ಮೂರನೆಯ ಆಳೆಂಬ ಭಯ. ಕತ್ತಲೆಯಂತೂ ಆಗಲೇ ಬಂದಿದೆ. ಬೆಳಕನ್ನು ಕಿತ್ತುಕೊಂಡ ಧಣಿಯು ಹಗಲಿನ ದುಡಿಮೆಯನ್ನು ಕೇಳುವುದು ನ್ಯಾಯವೇ ಎಂಬ ಗೊಣಗು ಅವನ ಬಾಯಿಗೆ ಬರುತ್ತದೆ. ಎಂಟನೆಯ ಸಾಲು ಮುಗಿಯುವ ಮೊದಲೇ ತಾಳ್ಮೆಯು ಮಾತನಾಡತೊಡಗಿ ಆ ಗೊಣಗನ್ನು ತಡೆಯುತ್ತದೆ. ಅಲ್ಲಿಂದ ಮುಂದೆ ಚಿತ್ರವೇ ಬೇರೆಯಾಗುತ್ತದೆ. ಲೆಕ್ಕ ಕೇಳುವ ಧಣಿಯು ಮರೆಯಾಗಿ ಅರಸನು ಕಾಣಿಸಿಕೊಳ್ಳುತ್ತಾನೆ. ಸಾವಿರಾರು ದೂತರು ನೆಲದ ಮೇಲೂ ಕಡಲ ಮೇಲೂ ಅವನ ಆಜ್ಞೆಯಂತೆ ಧಾವಿಸುತ್ತಿದ್ದಾರೆ. ಅಪ್ಪಣೆಗಾಗಿ ಸುಮ್ಮನೆ ನಿಂತವರೂ ಆ ಸೇವೆಗೆ ಸಲ್ಲುತ್ತಾರೆ. ಕನ್ನಡದ ‘ಓಲಗ’ ಎಂಬ ಪದಕ್ಕೆ ಸೇವೆಯೆಂದೂ ರಾಜಸಭೆಯೆಂದೂ ಎರಡರ್ಥವಿರುವುದನ್ನು ನೆನೆದರೆ ಈ ಪಲ್ಲಟವು ಚೆನ್ನಾಗಿ ಮನವರಿಕೆಯಾಗುವುದು. ಪೂರ್ವಾರ್ಧದ ಊಳಿಗವು ಉತ್ತರಾರ್ಧದಲ್ಲಿ ಓಲಗವಾಗಿದೆ. ‘ನನಗೇಕೆ ಹೀಗಾಯಿತು’ ಎಂಬ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ‘ಈಗ ನಾನು ಎಲ್ಲಿ ನಿಲ್ಲಬೇಕು’ ಎಂಬ ಪ್ರಶ್ನೆಯು ಅದರ ಸ್ಥಾನಕ್ಕೆ ಬಂದಿತು.

ಹೀಗೆ ನಿಂತವನಿಗೆ ಅಪ್ಪಣೆಯು ಬಂದೀತೆ, ಬಂದರೆ ಅದನ್ನು ಗುರುತಿಸುವುದೆಂತು ಎಂಬುದನ್ನು ಸುನೀತವು ಹೇಳುವುದಿಲ್ಲ. ಅದು ನಾಟಕದ ವಸ್ತು. ನಾಟಕದ ರಚನೆ 1640ರ ದಶಕದ್ದೆಂದು ವಾದಿಸಿದವರೂ ಇರುವುದರಿಂದ, ಸಂಸೋನನ ಒಂದೊಂದು ಮಾತನ್ನೂ ಕವಿಯ ಜೀವನಕ್ಕೆ ಹೊಂದಿಸಿ ಓದುವುದು ಸಾಧುವಲ್ಲ. ಸತ್ಯವೇದದ ‘ನ್ಯಾಯಸ್ಥಾಪಕರು’ ಎಂಬ ಭಾಗದಲ್ಲಿ (13–16) ಬರುವ ಮೂಲಕಥೆಯಲ್ಲಿ ಕವಿಯು ಮಾಡಿಕೊಂಡ ಮಾರ್ಪಾಡುಗಳೇ ವಿಮರ್ಶಕನಿಗೆ ಹೆಚ್ಚು ನಂಬತಕ್ಕ ಸಾಕ್ಷಿ. ಮೂಲದಲ್ಲಿ ಸಂಸೋನನು ತನ್ನ ತಂದೆ ಮಾನೋಹನ ಸಮಾಧಿಯಲ್ಲಿಯೇ ಹೂಳಲ್ಪಡುತ್ತಾನೆ. ನಾಟಕದಲ್ಲಿ ತಂದೆಯು ಬದುಕಿದ್ದು, ಹಣ ತೆತ್ತು ಮಗನನ್ನು ಬಿಡಿಸಿಕೊಳ್ಳಲು ಹೊರಟಿದ್ದಾನೆ. ಮೂಲದಲ್ಲಿ ಹೆಂಡತಿಯೆಂದು ಹೇಳಿಲ್ಲದ ದೆಲೀಲಳು ಇಲ್ಲಿ ಪತ್ನಿ. ಹರಾಫನೆಂಬ ದೈತ್ಯನು ಕೇವಲ ಕವಿಯ ಕಲ್ಪನೆ.

ಈ ಕೃತಿಗೆ ಆದಿ ಅಂತ್ಯಗಳುಂಟು, ಮಧ್ಯವಿಲ್ಲ. ಸಂಸೋನನ ಮರಣವನ್ನು ತ್ವರೆಗೊಳಿಸುವ ಅಥವಾ ತಡೆಯುವ ಯಾವ ಘಟನೆಯೂ ನಡುವೆ ನಡೆಯುವುದಿಲ್ಲವೆಂದು ಡಾಕ್ಟರ್ ಜಾನ್ಸನ್ನನು 1751ರಲ್ಲಿ ಆಕ್ಷೇಪಿಸಿದನು. ಹೊರಗಿನ ಕ್ರಿಯೆಯನ್ನಷ್ಟೇ ನೋಡಿದರೆ ಈ ಆಕ್ಷೇಪಣೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೂವರು ಸಂದರ್ಶಕರೊಡನೆ ನಡೆಯುವ ಸಂವಾದಗಳನ್ನು ಅನುಕ್ರಮವಾಗಿ ನೋಡಬೇಕು. ತಂದೆಯು ದೈವವನ್ನು ದೂರುವಾಗ ಮಗನು ತಪ್ಪೆಲ್ಲ ತನ್ನದೆಂದು ಒಪ್ಪುತ್ತಾನೆ. ಆದರೆ ಆ ಒಪ್ಪಿಗೆಯು ಅವನನ್ನು ಎತ್ತದೆ ಮರಣವೊಂದನ್ನೇ ಬೇಡುವ ಹತಾಶೆಗೆ ಇಳಿಸುತ್ತದೆ. ದೆಲೀಲಳು ಮನೆಯ ಆರೈಕೆಯ ಸುಖವನ್ನು ಮುಂದಿಡುವಾಗ, ಕಳೆದ ಬಾಳನ್ನು ಅಗ್ಗದ ಬೆಲೆಗೆ ಮರಳಿ ಕೊಳ್ಳಲು ಆತನು ಒಪ್ಪುವುದಿಲ್ಲ. ಹರಾಫನು ‘ನಿನ್ನ ದೇವರು ನಿನ್ನನ್ನು ಕೈಬಿಟ್ಟನು’ ಎಂದು ಮೂದಲಿಸಿದಾಗ, ಪಾಪವನ್ನು ಒಪ್ಪಿಕೊಳ್ಳುವ ಅದೇ ಬಾಯಿ ಕ್ಷಮೆಯಲ್ಲಿ ನಂಬಿಕೆಯನ್ನು ಸಾರುತ್ತದೆ. ಪಶ್ಚಾತ್ತಾಪವೂ ಹತಾಶೆಯೂ ಒಂದೇ ಅಲ್ಲವೆಂಬುದನ್ನು ಸಂಸೋನನು ಕಲಿಯುವುದೇ ನಾಟಕದ ಮಧ್ಯಭಾಗ. ಇದಿಲ್ಲದಿದ್ದರೆ ಕೊನೆಯ ಸಾಹಸವು ಬಲಿಷ್ಠನೊಬ್ಬನ ರೋಷ ಮಾತ್ರವಾಗುತ್ತಿತ್ತು.

ಮಿಲ್ಟನ್ನನು ಇದನ್ನು ಗ್ರೀಕ್ ರುದ್ರನಾಟಕದ ಮಾದರಿಯಲ್ಲಿ ಬರೆದನು. ರಂಗಕ್ಕಾಗಿ ಬರೆದುದಲ್ಲವೆಂದೂ ಪೀಠಿಕೆಯಲ್ಲಿ ತಿಳಿಸಿದನು. ಬಿ. ಎಂ. ಶ್ರೀಕಂಠಯ್ಯನವರು ಸೋಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ ರಚಿಸಿದಂದಿನಿಂದ (1929) ಕನ್ನಡ ವಾಚಕರಿಗೆ ಈ ಮಾದರಿಯ ಪರಿಚಯವುಂಟು. ಏಜಾಕ್ಸನೂ ಸಂಸೋನನೂ ಮಾನಗೆಟ್ಟ ಮಹಾವೀರರು. ಇಬ್ಬರಿಗೂ ಬದುಕು ಬೇಡವಾಗಿದೆ. ಏಜಾಕ್ಸನು ಕಳೆದ ಕೀರ್ತಿಗೆ ತನ್ನ ಪ್ರಾಣವನ್ನೇ ಪ್ರತಿಯಾಗಿ ಕೊಟ್ಟು ತನ್ನ ಖಡ್ಗದ ಮೇಲೆಯೇ ಬೀಳುತ್ತಾನೆ. ಸಂಸೋನನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಬಾಳು ಇನ್ನೊಬ್ಬನ ಕೈಯದು. ಆದುದರಿಂದಲೇ ಆತನು ಕಾಯಬೇಕಾಗಿದೆ. ದಾಗೋನನ ಉತ್ಸವದಲ್ಲಿ ಬಲಪ್ರದರ್ಶನ ಮಾಡಬೇಕೆಂದು ಅಧಿಕಾರಿಯು ಕರೆದಾಗ ಮೊದಲು ನಿರಾಕರಿಸುತ್ತಾನೆ. ಅನಂತರ ಒಳಗೆ ಏನೋ ಪ್ರೇರಣೆಯುಂಟಾಗಿ ಹೊರಡುತ್ತಾನೆ. ಏನಾಗುವುದೆಂದು ಅವನಿಗೂ ಸ್ಪಷ್ಟವಿಲ್ಲ. ಸುನೀತದಲ್ಲಿ ನಿಂತು ಕಾದವನು ಇಲ್ಲಿ ನಡೆದಿದ್ದಾನೆ.

ಈ ಪ್ರೇರಣೆಯು ದೇವರದೇ ಎಂಬುದಕ್ಕೆ ಪ್ರಮಾಣವೇನು? ಇದು ಕೇವಲ ಪಂಡಿತರ ತರ್ಕವಲ್ಲ. ದೇವರ ಹೆಸರಿನಲ್ಲಿ ಕಟ್ಟಡವನ್ನು ಕೆಡವಿ ತಾನೂ ಸತ್ತು ಪರರನ್ನೂ ಕೊಂದವನನ್ನು ಹೊಗಳುವ ಕೃತಿಯನ್ನು ಹೇಗೆ ಓದಬೇಕೆಂದು, ನ್ಯೂಯಾರ್ಕಿನಲ್ಲಿ 2001ರಲ್ಲಿ ನಡೆದ ಘೋರಕೃತ್ಯದ ಮರುವರ್ಷ, ಜಾನ್ ಕೇರಿ ಎಂಬ ಮಿಲ್ಟನ್ ವಿದ್ವಾಂಸನು ಪ್ರಶ್ನಿಸಿದನು. ಈ ಪ್ರಶ್ನೆಯನ್ನು ಬದಿಗೊತ್ತಿ ನಾಟಕವನ್ನು ಪಾಠಹೇಳುವುದು ಪ್ರಾಮಾಣಿಕತೆಯಾಗದು. ಕವಿಯ ಇನ್ನೆರಡು ಮಾರ್ಪಾಡುಗಳನ್ನು ಇಲ್ಲಿ ಗಮನಿಸಬೇಕು. ಮೂಲದಲ್ಲಿ ಮಾಳಿಗೆಯ ಮೇಲೆಯೇ ಸುಮಾರು 3000 ಜನರಿದ್ದರು. ನಾಟಕದಲ್ಲಿ ಹೊರಗೆ ನಿಂತಿದ್ದ ಸಾಮಾನ್ಯ ಜನರು ಉಳಿಯುತ್ತಾರೆ, ಒಳಗಿನ ಪ್ರಭುವರ್ಗವು ಅಳಿಯುತ್ತದೆ. ಮೂಲದಲ್ಲಿ ಸಂಸೋನನು ತನ್ನ ಕಣ್ಣುಗಳಿಗಾಗಿ ಮುಯ್ಯಿ ತೀರಿಸಿಕೊಳ್ಳಲು ಬಲವನ್ನು ಕೊಡೆಂದು ಬಾಯಿಬಿಟ್ಟು ಪ್ರಾರ್ಥಿಸುತ್ತಾನೆ. ನಾಟಕದ ದೂತನಾದರೋ, ಆತನು ತಲೆಬಾಗಿಸಿ, ಪ್ರಾರ್ಥಿಸುವವನಂತೆಯೋ ಏನನ್ನೋ ಆಳವಾಗಿ ಚಿಂತಿಸುವವನಂತೆಯೋ ನಿಂತಿದ್ದನೆಂದು ಮಾತ್ರ ವರದಿಮಾಡುತ್ತಾನೆ.

ಪ್ರತೀಕಾರದ ಮಾತನ್ನು ಪ್ರಾರ್ಥನೆಯಿಂದ ತೆಗೆದ ಕವಿಯು ಅದರ ಸ್ಥಾನದಲ್ಲಿ ಭಕ್ತಿಯ ಮಾತನ್ನು ಇಡಲಿಲ್ಲವೆಂಬುದು ಗಮನಾರ್ಹ. ಇಟ್ಟಿದ್ದರೆ ಸಂಸೋನನ ಕೃತ್ಯಕ್ಕೆ ಅಧಿಕೃತ ಸಮರ್ಥನೆ ದೊರೆತು ವಾಚಕನು ನಿಶ್ಚಿಂತನಾಗುತ್ತಿದ್ದನು. ಮೇಳದವರೂ ತಂದೆಯೂ ಕೊನೆಯಲ್ಲಿ ಎಲ್ಲವೂ ಒಳ್ಳೆಯದೇ ಆಯಿತೆಂದು ಹೇಳುವರು ನಿಜ. ಆದರೆ ಅವರು ಹೊರಗೆ ಉಳಿದವರು, ಕಂಬಗಳ ನಡುವೆ ನಿಂತವರಲ್ಲ. ಅಲ್ಲಿ ಸಂಸೋನನ ಮನಸ್ಸಿನಲ್ಲಿ ನಡೆದುದಕ್ಕೆ ಅವರ ಮಾತು ಸಾಕ್ಷಿಯಾಗಲಾರದು. ಶ್ರದ್ಧೆಯು ನೊಂದವನ ಪ್ರಶ್ನೆಯನ್ನು ಬದಲಿಸಬಲ್ಲುದು, ಅವನನ್ನು ಎದ್ದು ನಡೆಯಿಸಬಲ್ಲುದು. ಅವನ ನಡೆಗೆ ಲೋಕದ ಮುಂದೆ ಪ್ರಮಾಣಪತ್ರವನ್ನು ಕೊಡಲಾರದು. ದೃಷ್ಟಿಯನ್ನೂ ನಂಬಿದ ರಾಜ್ಯವ್ಯವಸ್ಥೆಯನ್ನೂ ಕಳೆದುಕೊಂಡು, ತನ್ನ ಅಂಧತೆಗೆ ಪರರು ಕೊಟ್ಟ ವ್ಯಾಖ್ಯಾನವನ್ನು ವರ್ಷಗಟ್ಟಲೆ ಕೇಳಿದ ಕವಿಯು, ಸಂಸೋನನ ಕೊನೆಯ ಮೌನಕ್ಕೆ ತಾನೂ ವ್ಯಾಖ್ಯಾನವನ್ನು ಬರೆಯಲಿಲ್ಲ.